ಎರಡು ವರ್ಷ ಊರಿನಲ್ಲಿ, ಮುಂದಿನದು ಗಡಿಯಾಚೆ: ಮಗಳ ಬಿ.ಎ. ಯೋಜನೆಯ ಕುರಿತು ಪೋಷಕರಿಗೊಂದು ಬರಹ



ಗಡಿನಾಡಿನ ಕನ್ನಡ ಶಾಲೆಗಳ ಕುರಿತು ನಾವು ಬಹಳಷ್ಟು ಬರೆದಿದ್ದೇವೆ, ಬಹಳಷ್ಟು ಮನವಿಗಳಿಗೆ ಸಹಿ ಹಾಕಿದ್ದೇವೆ. ಕನ್ನಡ ಬಾರದ ಅಧ್ಯಾಪಕರ ನೇಮಕ, ತಡವಾಗಿ ಬರುವ ಪಠ್ಯಪುಸ್ತಕ, ವರ್ಷದಿಂದ ವರ್ಷಕ್ಕೆ ಕುಗ್ಗುವ ಮಕ್ಕಳ ಸಂಖ್ಯೆ, ಇವೆಲ್ಲ ನಮಗೆ ಬಾಯಿಪಾಠವಾಗಿವೆ. ಶಾಲೆ ಮುಗಿದ ಮೇಲಿನ ದಾರಿಯ ಕುರಿತು ಮಾತ್ರ ನಮ್ಮೊಳಗೆ ಚರ್ಚೆ ಕಡಿಮೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಕಲ್ಪಿಸಬೇಕೆಂದು ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆ ನಡೆದ 1956ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ಅದು ಸಂವಿಧಾನವನ್ನು ಸೇರಿತು. ಆದರೆ ಆ ವಿಧಿಯ ಮಾತು ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ. ಪದವಿಯ ಹೊಸ್ತಿಲಲ್ಲಿ ನಮ್ಮ ಮಗುವಿನ ಕನ್ನಡವನ್ನು ಉಳಿಸುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸುವುದು ಪ್ರವೇಶದ ಅರ್ಜಿಯಲ್ಲಿ ತುಂಬುವ ಎರಡು ಮೂರು ಕಾಲಮುಗಳು. ಆ ಕಾಲಮುಗಳನ್ನು ತುಂಬುವಾಗ ನಮ್ಮ ಮನೆಯಲ್ಲಿ ನಡೆದ ಯೋಚನೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇತರರಿಗೆ ಉಪಯೋಗಕ್ಕೆ ಬಂದೀತು ಎಂಬ ಆಸೆಯಿಂದ.

ನನ್ನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ಲಸ್ ಟುವಿನಲ್ಲಿ ಹ್ಯುಮಾನಿಟೀಸ್ ಆಯ್ದುಕೊಂಡಳು. ಚರಿತ್ರೆಯ ಮೇಲೆ ಅವಳಿಗೆ ಮೊದಲಿನಿಂದಲೂ ಒಲವು. ಕಾಸರಗೋಡಿನ ತಳಂಗರೆಯಲ್ಲಿ ಹಳೆಯ ಕನ್ನಡ ಶಾಸನವೊಂದು ದೊರೆತಿತ್ತೆಂದು ತಿಳಿದ ದಿನದಿಂದ ಆ ಒಲವಿಗೆ ಒಂದು ದಿಕ್ಕು ಸಿಕ್ಕಿತು. ಶಾಸನಗಳನ್ನು ತಾನೇ ಓದಬೇಕು, ಅದನ್ನೇ ವೃತ್ತಿಯನ್ನಾಗಿ ಮಾಡಿಕೊಳ್ಳಬೇಕು ಎಂಬುದು ಅವಳ ಹಂಬಲ. ಅದಕ್ಕೆ ಚರಿತ್ರೆಯೂ ಬೇಕು, ಹಳಗನ್ನಡವೂ ಬೇಕು, ಲಿಪಿಜ್ಞಾನವೂ ಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ. ಆದ್ದರಿಂದ ಒಂದಲ್ಲ ಒಂದು ದಿನ ಅವಳು ಗಡಿ ದಾಟಲೇಬೇಕಿತ್ತು. ಯಾವಾಗ ಎಂಬುದಷ್ಟೇ ಪ್ರಶ್ನೆ.

ಮನೆಯ ಪರಿಸ್ಥಿತಿ ಬೇರೆಯೇ ಲೆಕ್ಕ ಹೇಳುತ್ತಿತ್ತು. ಅತ್ತೆಯವರು ಹಾಸಿಗೆ ಹಿಡಿದಿದ್ದರು. ತೋಟದಲ್ಲಿ ಎರಡು ಮಳೆಗಾಲ ಸಾಲಾಗಿ ಕೊಳೆರೋಗ ಬಂದು ಅಡಿಕೆಯ ಫಸಲು ಅರ್ಧಕ್ಕಿಳಿದಿತ್ತು. ಮಗ ಇನ್ನೂ ಎಂಟನೆಯ ತರಗತಿಯಲ್ಲಿದ್ದ. ಮೂರು ವರ್ಷದ ಹಾಸ್ಟೆಲ್ ಖರ್ಚನ್ನು ಹೊರುವುದು ನಮ್ಮಿಂದಾಗದು ಎಂದು ಯಜಮಾನರು ಸ್ಪಷ್ಟವಾಗಿಯೇ ಹೇಳಿದರು. ಎರಡು ವರ್ಷ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬಂದು ಕಾಲೇಜು ಓದುವುದು, ಆಮೇಲೆ ಉಳಿದ ಭಾಗವನ್ನು ಕರ್ನಾಟಕದ ವಿಶ್ವವಿದ್ಯಾಲಯವೊಂದರಲ್ಲಿ ಮುಗಿಸುವುದು ಎಂಬ ಯೋಜನೆ ಹುಟ್ಟಿದ್ದು ಹೀಗೆ. 2024ರ ಜುಲೈ 1ರಂದು ಕೇರಳದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷಗಳ ಪದವಿ ಕ್ರಮ ಆರಂಭವಾಯಿತು. ನನ್ನ ಮಗಳು ಆ ಮೊದಲ ತಂಡದವಳು. ಕ್ರೆಡಿಟ್, ಮೇಜರ್, ಮೈನರ್, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗಾವಣೆ, ಇಂತಹ ಮಾತುಗಳು ಆಗ ಎಲ್ಲೆಲ್ಲಿಯೂ ಕೇಳಿಬರುತ್ತಿದ್ದವು. ನಮ್ಮ ಯೋಜನೆ ಕಾಲಕ್ಕೆ ತಕ್ಕದ್ದೆಂದು ತೋರಿತು.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮನೊಡನೆ ಇದನ್ನು ಪ್ರಸ್ತಾಪಿಸಿದೆ. ಅವನ ಮಗಳು ಅಲ್ಲಿನ ಸಮುದಾಯ ಕಾಲೇಜೊಂದರಲ್ಲಿ ಎರಡು ವರ್ಷದ ಕಲಾ ಪದವಿ ಓದಿ, ಆಮೇಲೆ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಿದವಳು. “ಅಕ್ಕ, ಇಲ್ಲಿ ಅದು ನಡೆಯುವುದು ಒಪ್ಪಂದದ ಮೇಲೆ. ನಿಮ್ಮಲ್ಲಿ ಆ ಒಪ್ಪಂದ ಉಂಟಾ, ಮೊದಲು ನೋಡು” ಎಂದ. ಅಲ್ಲಿ 2010ರಲ್ಲಿ ಬಂದ ಒಂದು ಕಾಯಿದೆಯ ಪ್ರಕಾರ, ವರ್ಗಾವಣೆಗೆಂದೇ ರೂಪಿಸಿದ ಎರಡು ವರ್ಷದ ಪದವಿಯನ್ನು 60 ಯೂನಿಟ್‌ಗಳೊಂದಿಗೆ ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಪ್ರವೇಶದ ಖಾತರಿಯಿದೆ. ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂದಲ್ಲ. ಎಲ್ಲಿಯಾದರೂ ಒಂದು ಸ್ಥಾನ ಸಿಗುತ್ತದೆ. ಯಾವ ಕಾಲೇಜಿನ ಯಾವ ಕೋರ್ಸ್ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂಬ ಪಟ್ಟಿ ವಿದ್ಯಾರ್ಥಿ ಸೇರುವ ಮೊದಲೇ ಸಿದ್ಧವಿರುತ್ತದೆ. ಸೇತುವೆ ಕಟ್ಟಿ ಮುಗಿಸಿದ ಮೇಲೆ ಅಲ್ಲಿ ಪ್ರಯಾಣಿಕರನ್ನು ಕರೆಯುತ್ತಾರೆ.

ನಮ್ಮ ದೇಶದಲ್ಲಿ ಸೇತುವೆಯ ಸಾಮಗ್ರಿ ಬಂದಿದೆ, ಸೇತುವೆ ಎಲ್ಲ ಕಡೆ ಪೂರ್ತಿಯಾಗಿಲ್ಲ. ಯುಜಿಸಿಯು 2021ರ ಜುಲೈಯಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಗೆ ನಿಯಮಾವಳಿ ಹೊರಡಿಸಿತು. ಹದಿನೈದು ಗಂಟೆಗಳ ಪಾಠಕ್ಕೆ ಒಂದು ಕ್ರೆಡಿಟ್ ಎಂಬುದು ಸ್ಥೂಲವಾದ ಲೆಕ್ಕ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಅವನ ಖಾತೆಯಲ್ಲಿ ಜಮೆಯಾಗುತ್ತವೆ. ಗರಿಷ್ಠ ಏಳು ವರ್ಷಗಳವರೆಗೆ ಅವುಗಳಿಗೆ ಮಾನ್ಯತೆಯಿದೆ. ಆದರೆ ಆ ನಿಯಮಾವಳಿಯಲ್ಲಿ ಒಂದು ಷರತ್ತಿದೆ. ಪದವಿ ಕೊಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್‌ಗಳನ್ನು ಗಳಿಸಿರಬೇಕು.

ಈ ಷರತ್ತನ್ನು ಇಟ್ಟುಕೊಂಡು ನಾವು ಊಟದ ಮೇಜಿನ ಮೇಲೆ ಕಾಗದ ಹರಡಿ ಲೆಕ್ಕ ಹಾಕಿದೆವು. ರಾಷ್ಟ್ರೀಯ ಚೌಕಟ್ಟಿನ ಪ್ರಕಾರ ಎರಡು ವರ್ಷಕ್ಕೆ 80 ಕ್ರೆಡಿಟ್, ಮೂರು ವರ್ಷದ ಪದವಿಗೆ 120, ನಾಲ್ಕು ವರ್ಷದ ಆನರ್ಸಿಗೆ 160. ನಾಲ್ಕು ವರ್ಷದ ಪದವಿಯಾದರೆ ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ. 80ಕ್ಕೆ 80, ಅರ್ಧಕ್ಕೆ ಅರ್ಧ. ಷರತ್ತು ಸರಿಹೋಗುತ್ತದೆ. ಮೂರು ವರ್ಷದ ಪದವಿಯಾದರೆ ಎರಡು ವರ್ಷ ಕಳೆದು ಹೋದವಳಿಗೆ ಅಲ್ಲಿ ಉಳಿಯುವುದು 40 ಕ್ರೆಡಿಟ್ ಮಾತ್ರ, ಬೇಕಾದದ್ದು 60. ಕರ್ನಾಟಕವು 2021ರಲ್ಲಿ ನಾಲ್ಕು ವರ್ಷದ ಕ್ರಮವನ್ನು ತಂದಿತ್ತಾದರೂ 2024ರ ಮೇ ತಿಂಗಳಿನ ಆದೇಶದಿಂದ, 2024–25ನೆಯ ಸಾಲಿನಿಂದಲೇ, ಮೂರು ವರ್ಷದ ಪದವಿಗೆ ಮರಳಿತು. ಹೀಗೆ ಒಂದೇ ವರ್ಷದಲ್ಲಿ ಗಡಿಯ ಈಚೆ ಪದವಿ ನಾಲ್ಕು ವರ್ಷಕ್ಕೆ ಏರಿತು, ಆಚೆ ಮೂರಕ್ಕೆ ಇಳಿಯಿತು. ನಮ್ಮಂತಹವರ ಮಕ್ಕಳು ನಿಂತಿರುವುದು ಈ ಎರಡು ಮೆಟ್ಟಿಲುಗಳ ನಡುವೆ. ಕೇರಳದ ಕ್ರಮದಲ್ಲಿ ಮೂರು ವರ್ಷಕ್ಕೆ 133 ಕ್ರೆಡಿಟ್, ನಾಲ್ಕು ವರ್ಷಕ್ಕೆ 177. ಸರಾಸರಿ ತೆಗೆದರೆ ನಾಲ್ಕು ಸೆಮಿಸ್ಟರ್‌ಗಳಲ್ಲಿ ಸುಮಾರು 88 ಕ್ರೆಡಿಟ್ ಕೈಸೇರುತ್ತದೆ. 120ರ ಪದವಿಯಲ್ಲಿ ಅದು ಅರ್ಧವನ್ನು ಎಷ್ಟೋ ಮೀರಿತು.

ಕ್ರೆಡಿಟ್ ಬ್ಯಾಂಕಿನ ದಾರಿ ಮುಚ್ಚಿದರೂ ಹಳೆಯ ದಾರಿಯೊಂದಿದೆ. ಹಲವು ವಿಶ್ವವಿದ್ಯಾಲಯಗಳು ತಮ್ಮದೇ ನಿಯಮಗಳ ಪ್ರಕಾರ, ಹಿಂದಿನ ಓದಿನ ತತ್ಸಮಾನತೆಯನ್ನು ಪರಿಶೀಲಿಸಿ, ಸೀಟು ಖಾಲಿಯಿದ್ದರೆ ನಡುವಿನ ಸೆಮಿಸ್ಟರಿಗೆ ಪ್ರವೇಶ ಕೊಡುತ್ತವೆ. ಆ ನಿಯಮಗಳು ಒಂದೊಂದು ಕಡೆ ಒಂದೊಂದು ಬಗೆ. ನಾವು ವಿಚಾರಿಸಿದ ಒಂದು ಕಚೇರಿಯಲ್ಲಿ “ಬನ್ನಿ, ಆಗ ನೋಡುವ” ಎಂದರು. ಎರಡು ವರ್ಷ ಓದಿ ಹೋದ ಹುಡುಗಿಗೆ “ಆಗ ನೋಡುವ” ಎಂಬ ಮಾತು ಆಧಾರವಾಗಲಾರದು. ಮಗಳೇ ಒಂದು ಪತ್ರ ಬರೆದು, ತನ್ನ ನಾಲ್ಕು ಸೆಮಿಸ್ಟರ್‌ಗಳ ಪಠ್ಯಕ್ರಮವನ್ನು ಜೊತೆಗಿಟ್ಟು, ಯಾವ ಯಾವ ಪತ್ರಿಕೆಗಳನ್ನು ಸಮಾನವೆಂದು ಪರಿಗಣಿಸುತ್ತೀರಿ ಎಂದು ಲಿಖಿತವಾಗಿ ಕೇಳಿದಳು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಆ ಕಾಯುವಿಕೆಯನ್ನು ಮೊದಲೇ ಊಹಿಸಿ ನಾವೊಂದು ನಿಯಮ ಹಾಕಿಕೊಂಡಿದ್ದೆವು: ವರ್ಗಾವಣೆ ಸಿಕ್ಕರೂ ಸಾರ್ಥಕವಾಗಬೇಕು, ಸಿಗದಿದ್ದರೂ ಒಂದು ಸೆಮಿಸ್ಟರ್ ಕೂಡ ವ್ಯರ್ಥವಾಗಬಾರದು, ಅಂತಹ ವಿಷಯಗಳನ್ನೇ ಮೊದಲ ಎರಡು ವರ್ಷಕ್ಕೆ ಆಯಬೇಕು. ಆದ್ದರಿಂದ ಯೋಜನೆಯನ್ನು ಆಚೆ ದಡದಿಂದ ಈಚೆಗೆ ಬರೆದೆವು. ಕೊನೆಗೆ ತಲುಪಬೇಕಾದದ್ದು ಶಾಸನಶಾಸ್ತ್ರ. ಅದಕ್ಕೆ ಮುಂಚಿನ ಮೆಟ್ಟಿಲು ಚರಿತ್ರೆಯ ಅಥವಾ ಕನ್ನಡದ ಎಂ.ಎ. ಅದರ ಪ್ರವೇಶಕ್ಕೆ ಬಿ.ಎ.ಯಲ್ಲಿ ಆ ವಿಷಯವನ್ನು ಎಷ್ಟು ಓದಿರಬೇಕು ಎಂಬುದನ್ನು ಮೂರು ವಿಶ್ವವಿದ್ಯಾಲಯಗಳ ಪ್ರವೇಶ ಕೈಪಿಡಿಗಳಲ್ಲಿ ನೋಡಿಕೊಂಡೆವು. ಆಮೇಲೆ ಚರಿತ್ರೆಯನ್ನು ಮೇಜರ್ ಆಗಿಯೂ ಕನ್ನಡವನ್ನು ಮೈನರ್ ಆಗಿಯೂ ಗುರುತಿಸಿದೆವು. ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಇಂಗ್ಲಿಷಿನ ಜೊತೆ ಓದಬೇಕಾದ ಇನ್ನೊಂದು ಭಾಷೆಯ ಜಾಗದಲ್ಲಿಯೂ ಕನ್ನಡವನ್ನೇ ಬರೆದೆವು.

ತೊಡಕು ಬಂದದ್ದು ಈ ಕೊನೆಯ ಕಾಲಮಿನಲ್ಲಿ. ಕನ್ನಡಕ್ಕೆ ಸಾಕಷ್ಟು ವಿದ್ಯಾರ್ಥಿಗಳಿಲ್ಲ, ಬೇರೆ ಭಾಷೆ ತೆಗೆದುಕೊಂಡರೆ ಅಂಕವೂ ಸುಲಭ, ವೇಳಾಪಟ್ಟಿಯೂ ಸುಲಭ ಎಂಬ ಸಲಹೆ ಕಾಲೇಜಿನಿಂದ ಬಂತು. ಸಲಹೆ ಕೊಟ್ಟವರಲ್ಲಿ ದ್ವೇಷವಿರಲಿಲ್ಲ. ವೇಳಾಪಟ್ಟಿಯ ಚಿಂತೆಯಷ್ಟೇ ಇತ್ತು. ಆದರೆ ಕನ್ನಡ ಕೈಬಿಡುವುದು ಹೆಚ್ಚಾಗಿ ಇಂತಹ ಸೌಮ್ಯವಾದ ಸಲಹೆಗಳಿಂದಲೇ. ಹತ್ತರ ತನಕ ಮಾಧ್ಯಮವಾಗಿದ್ದದ್ದು ಪ್ಲಸ್ ಟುವಿನಲ್ಲಿ ಒಂದು ವಿಷಯವಾಗುತ್ತದೆ, ಪದವಿಯಲ್ಲಿ ಅನುಕೂಲವಿದ್ದರೆ ಮಾತ್ರ ಒಂದು ಪತ್ರಿಕೆಯಾಗುತ್ತದೆ, ಆಮೇಲೆ ಮನೆಯಲ್ಲಿ ಆಡುವ ಮಾತಾಗಿ ಉಳಿಯುತ್ತದೆ. ನಾವು ಅದೇ ತರಗತಿಯ ಇತರ ಕನ್ನಡ ಮಕ್ಕಳ ಮನೆಗಳಿಗೆ ಫೋನು ಮಾಡಿದೆವು. ಬೇರೆ ಭಾಷೆಯನ್ನು ಬರೆದಿದ್ದ ಕೆಲವರು ಕನ್ನಡದ ತರಗತಿ ನಡೆಯುವುದಾದರೆ ತಮಗೂ ಅದೇ ಬೇಕೆಂದರು, ಕೇಳಿದವರಿಲ್ಲವೆಂದು ಸುಮ್ಮನಿದ್ದರಂತೆ. ಎಲ್ಲರೂ ಸೇರಿ ಒಂದೇ ಮನವಿ ಬರೆದು ಪ್ರಾಂಶುಪಾಲರಿಗೆ ಕೊಟ್ಟೆವು. ತರಗತಿ ನಡೆಯಿತು. ಬಿಡಿಬಿಡಿಯಾಗಿ ಕೇಳಿದಾಗ ಇಲ್ಲದ ಸಂಖ್ಯೆ ಒಟ್ಟಾಗಿ ಕೇಳಿದಾಗ ಇತ್ತು.

ಕನ್ನಡದ ವಿಷಯದಲ್ಲಿ ನಾವು ಇಷ್ಟು ಪಟ್ಟು ಹಿಡಿದದ್ದು ಅಭಿಮಾನದ ಕಾರಣಕ್ಕೆ ಮಾತ್ರವಲ್ಲ. ಎರಡು ವರ್ಷಗಳಲ್ಲಿ ತಪ್ಪಿಹೋದ ಅರ್ಥಶಾಸ್ತ್ರದ ಒಂದು ಪತ್ರಿಕೆಯನ್ನು ಆಮೇಲೆ ಎಲ್ಲಿಯಾದರೂ ಓದಬಹುದು; ಸ್ವಯಂ ಜಾಲತಾಣದ ಮೂಲಕ ಪಡೆಯುವ ಕ್ರೆಡಿಟ್‌ಗಳಿಗೂ ಯುಜಿಸಿ ಅವಕಾಶ ಕೊಟ್ಟಿದೆ. ಹಳಗನ್ನಡವನ್ನು ಗುರುಮುಖದಿಂದ ಓದುವ ಅಭ್ಯಾಸ ಹಾಗೆ ಬರುವುದಿಲ್ಲ. ಅದೂ ಅಲ್ಲದೆ ಪದವಿಯ ಅಂಕಪಟ್ಟಿಯಲ್ಲಿ ಕನ್ನಡದ ಹೆಸರಿಲ್ಲದಿದ್ದರೆ, ಮನೆಯಲ್ಲಿ ಹುಟ್ಟಿನಿಂದ ಕನ್ನಡವನ್ನೇ ಆಡಿದವಳು ಎಂಬ ಸಂಗತಿ ಪ್ರವೇಶದ ಮೇಜಿನ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕದ ವೃತ್ತಿಶಿಕ್ಷಣದ ಸಿಇಟಿಯಲ್ಲಿ ಹೊರನಾಡು ಹಾಗೂ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಷರತ್ತುಗಳಿವೆ, ಕನ್ನಡ ಭಾಷಾ ಪರೀಕ್ಷೆಯೂ ಇದೆ. ಬಿ.ಎ.ಯ ನಡುವಿನ ವರ್ಗಾವಣೆಗೆ ಆ ಸೌಲಭ್ಯ ತಾನಾಗಿ ಅನ್ವಯಿಸುತ್ತದೆಂದು ಯಾರೂ ಭಾವಿಸಬಾರದು.

ಕಾಗದಪತ್ರಗಳ ಮಾತನ್ನೂ ಹೇಳಬೇಕು. ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ವರ್ಗಾವಣೆ ಪ್ರಮಾಣಪತ್ರ, ವಲಸೆ ಪ್ರಮಾಣಪತ್ರ, ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಕಾಲೇಜು ದೃಢೀಕರಿಸಿದ ಪಠ್ಯಕ್ರಮದ ಪ್ರತಿ, ಕ್ರೆಡಿಟ್ ಬ್ಯಾಂಕಿನ ಗುರುತಿನ ಸಂಖ್ಯೆ, ಇಷ್ಟೂ ಬೇಕಾಗುತ್ತವೆ. ಪಠ್ಯಕ್ರಮದ ಪ್ರತಿಯನ್ನು ಆಯಾ ಸೆಮಿಸ್ಟರಿನಲ್ಲಿಯೇ ತೆಗೆದಿಡುವುದು ಒಳ್ಳೆಯದು. ಪಠ್ಯ ಬದಲಾದ ಮೇಲೆ ಹಳೆಯದನ್ನು ಹುಡುಕುವುದು ಕಷ್ಟ. ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಸಂಕಟ ಹೆಸರಿನದು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ತಂದೆಯ ಹೆಸರು ಮುಂದೆ, ಇನ್ನೊಂದು ಕಡೆ ಮನೆತನದ ಹೆಸರು. ಕನ್ನಡದ ಹೆಸರು ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗುವಾಗ ಅಕ್ಷರಗಳೂ ಬದಲಾಗಿರುತ್ತವೆ. ಡಿಜಿಟಲ್ ಖಾತೆಗಳು ಆಧಾರಿನ ಹೆಸರಿನೊಂದಿಗೆ ಹೊಂದಿಸಿ ನೋಡುತ್ತವೆ. ಮೊದಲ ಸೆಮಿಸ್ಟರಿನಲ್ಲಿಯೇ ಎಲ್ಲ ದಾಖಲೆಗಳನ್ನೂ ಒಂದರ ಪಕ್ಕ ಒಂದಿಟ್ಟು ಹೆಸರಿನ ಅಕ್ಷರ ಅಕ್ಷರವನ್ನೂ ಓದಿ ನೋಡಿ.

ಕಾಸರಗೋಡಿನ ಮಾತನ್ನೇ ಹೆಚ್ಚು ಹೇಳಿದೆ. ಉಳಿದ ಗಡಿಗಳ ಬಂಧುಗಳು ಇದೇ ಲೆಕ್ಕವನ್ನು ತಮ್ಮ ನೆಲದಲ್ಲಿ ಹಾಕಬೇಕು. ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ವಯನಾಡಿನ ಮಾನಂತವಾಡಿ ತಾಲೂಕೂ ಸೇರಿರುವುದರಿಂದ ಅಲ್ಲಿಯವರಿಗೆ ನಮ್ಮ ಅನುಭವ ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತದೆ. ಹೊಸೂರಿನ ಮಕ್ಕಳು ಸೇರುವುದು ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಕಾಲೇಜುಗಳಿಗೆ, ತಾಳವಾಡಿ ಮತ್ತು ನೀಲಗಿರಿಯವರು ಭಾರತಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ. ತಮಿಳುನಾಡಿನ ಪದವಿ ಕ್ರಮದಲ್ಲಿ ಮೊದಲ ಭಾಗವೆಂದು ಕರೆಯುವ ಭಾಷಾ ವಿಷಯದಲ್ಲಿ ತಮಿಳಲ್ಲದೆ ಬೇರೆ ಭಾಷೆಗಳಿಗೂ ಜಾಗವಿದೆ; ಕನ್ನಡ ಕಲಿಸುವವರು ಇರುವ ಕಾಲೇಜು ಯಾವುದು ಎಂಬುದನ್ನು ಸೇರುವ ಮೊದಲೇ ಕೇಳಬೇಕು. ಅಕ್ಕಲಕೋಟೆಯವರು ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ, ಜತ್ತದವರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ, ರಾಯದುರ್ಗ ಮಡಕಶಿರದವರು ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಒಳಪಡುತ್ತಾರೆ. ಪದವಿ ಎಷ್ಟು ವರ್ಷದ್ದು, ಒಟ್ಟು ಕ್ರೆಡಿಟ್ ಎಷ್ಟು, ಕನ್ನಡಕ್ಕೆ ಯಾವ ಕಾಲಮಿನಲ್ಲಿ ಜಾಗವಿದೆ, ಹೋಗಬೇಕೆಂದಿರುವ ವಿಶ್ವವಿದ್ಯಾಲಯ ಯಾವುದನ್ನು ಲಿಖಿತವಾಗಿ ಒಪ್ಪುತ್ತದೆ ಎಂಬ ನಾಲ್ಕು ಪ್ರಶ್ನೆಗಳು ಎಲ್ಲರಿಗೂ ಸಮಾನ. ಕರ್ನಾಟಕಕ್ಕೇ ಹೋಗಬೇಕೆಂದೂ ಇಲ್ಲ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಮದರಾಸು ಮತ್ತು ಮುಂಬಯಿ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗಗಳಿವೆ.

ನಮ್ಮ ಪತ್ರಕ್ಕೆ ಉತ್ತರ ಬಂದದ್ದು ಕಳೆದ ತಿಂಗಳು. ಚರಿತ್ರೆಯ ಹೆಚ್ಚಿನ ಪತ್ರಿಕೆಗಳು ಹೊಂದುತ್ತವೆ, ಎರಡು ಪತ್ರಿಕೆಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಸೀಟಿನ ವಿಷಯ ಆಯಾ ವರ್ಷಕ್ಕೆ ತೀರ್ಮಾನ ಎಂಬುದು ಅದರ ಸಾರ. ಮಗಳು ಆ ಪತ್ರವನ್ನು ಎರಡು ದಿನ ತನ್ನ ಬಳಿಯೇ ಇಟ್ಟುಕೊಂಡಳು. ಮೂರನೆಯ ದಿನ, “ಅಮ್ಮ, ನಾನು ಮೂರು ವರ್ಷ ಇಲ್ಲಿಯೇ ಮುಗಿಸುತ್ತೇನೆ. ಎಂ.ಎ.ಗೆ ಹೋಗುವಾಗ ನನ್ನನ್ನು ತಡೆಯಬಾರದು” ಎಂದಳು. ಮೂರನೆಯ ವರ್ಷದ ಕೊನೆಗೆ ಪದವಿ ಪಡೆದು ಹೊರಬರುವ ಅವಕಾಶ ಕೇರಳದ ಕ್ರಮದಲ್ಲಿದೆ. ನಾಲ್ಕು ವರ್ಷ ಓದಿದರೆ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಯುಜಿಸಿ ದಾರಿ ಮಾಡಿಕೊಟ್ಟಿದೆ. ಅದನ್ನು ಎಲ್ಲೆಡೆಯೂ ಆರಂಭಿಸಿದ್ದಾರೆಂದು ಹೇಳಲಾಗದು. ಅವಳು ಆಯ್ದದ್ದು ಮೂರು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ಎಂಬ ಲೆಕ್ಕವನ್ನು.

ಎರಡು ವರ್ಷಕ್ಕೆಂದು ಹಾಕಿದ ಯೋಜನೆ ಮೂರು ವರ್ಷಕ್ಕೆ ಬೆಳೆಯಿತು, ಅಷ್ಟೇ. ನಾಲ್ಕು ಸೆಮಿಸ್ಟರ್‌ಗಳಲ್ಲಿ ಓದಿದ ಒಂದು ಪತ್ರಿಕೆಯೂ ಹಾಳಾಗಲಿಲ್ಲ. ಚರಿತ್ರೆಯ ಮೇಜರ್ ಮುಂದುವರಿಯುತ್ತಿದೆ. ಕನ್ನಡದ ಮೈನರ್ ಅಂಕಪಟ್ಟಿಯಲ್ಲಿ ಅಚ್ಚಾಗಿದೆ. ಎಂ.ಎ.ಗೆ ಹೋಗುವ ದಿನ ಅವಳ ಕೈಯಲ್ಲಿ ಒಂದು ಪೂರ್ಣ ಪದವಿ ಇರುತ್ತದೆ. ಯಾರೂ ಅರ್ಧಕ್ಕೆ ಅರ್ಧ ಕೇಳುವಂತಿಲ್ಲ. ಹಾಸ್ಟೆಲಿನ ಖರ್ಚಿಗೆ ನಮಗೂ ಇನ್ನೊಂದು ಬೆಳೆಯ ಸಮಯ ಸಿಕ್ಕಿತು.

ಬರುವ ತಿಂಗಳುಗಳಲ್ಲಿ ಪ್ಲಸ್ ಟು ಫಲಿತಾಂಶ ಬರುತ್ತದೆ, ನಮ್ಮೆಲ್ಲರ ಮನೆಗಳಲ್ಲಿ ಅರ್ಜಿಗಳು ತೆರೆಯುತ್ತವೆ. ಭಾಷೆಯ ಕಾಲಮಿನಲ್ಲಿ ಏನು ಬರೆಯುವುದೆಂದು ಆ ಸಂಜೆ ನಿರ್ಧರಿಸಲು ಹೋಗಬೇಡಿ. ಈಗಲೇ ನಿರ್ಧರಿಸಿ, ಅಕ್ಕಪಕ್ಕದ ನಾಲ್ಕು ಮನೆಗಳಿಗೂ ತಿಳಿಸಿ. ನಿಮ್ಮ ಊರಿನ ಕಾಲೇಜಿನಲ್ಲಿ ಕನ್ನಡ ಓದಲು ಇಚ್ಛಿಸುವ ಮಕ್ಕಳ ಹೆಸರುಗಳನ್ನು ಪ್ರವೇಶ ಆರಂಭವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಪ್ರಾಂಶುಪಾಲರಿಗೆ ಕೊಡಿ. ಎಂಟು ಹೆಸರುಗಳಿರುವ ಒಂದು ಹಾಳೆ, ಎಂಟು ದಿನ ಬೇರೆಬೇರೆಯಾಗಿ ಹೋಗಿ ಕೇಳುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.